ಷಡ್ಡಕನ ಸೀಲು ಹಾಕಿದ ರೂಪಾಯಿ

ಅಂಗಡಿಯವನು ಚಿಲ್ಲರೆ ಕೊಟ್ಟರೆ ಎಲ್ಲರೂ ಎಣಿಸಿಕೊಳ್ಳುತ್ತಾರೆ. ನಾನು ಎಣಿಸುವುದಿಲ್ಲ. ಒಂದೊಂದನ್ನೇ ಬೆರಳ ತುದಿಯಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ, ಅಂಚು ನೋಡುತ್ತೇನೆ. ಹಿಂದೆ ನಿಂತ ಗಿರಾಕಿಗಳು ಗೊಣಗುತ್ತಾರೆ. ಅಂಗಡಿಯವನಿಗೆ ನನ್ನ ಈ ಚಟ ಅಭ್ಯಾಸವಾಗಿದೆ. ಗಲ್ಲೆಯ ಮೇಲೆ ಹೊಸ ಹುಡುಗ ಯಾರಾದರೂ ಕೂತಿದ್ದರೆ ಮಾತ್ರ, "ಖೋಟಾ ಅಲ್ಲ ಅಜ್ಜ, ಇವತ್ತೇ ಬ್ಯಾಂಕಿಂದ ತಂದದ್ದು" ಅನ್ನುತ್ತಾನೆ. ಬ್ಯಾಂಕು ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನನ್ನ ಹೊಟ್ಟೆಯಲ್ಲಿ ಹಳೆಯ ಉರಿಯೊಂದು ಎದ್ದು ಕೂರುತ್ತದೆ. ಯಾವ ಡಾಕ್ಟರೂ ಇದಕ್ಕೆ ಮದ್ದು ಕೊಟ್ಟಿಲ್ಲ, ಏಕೆಂದರೆ ಯಾವ ಡಾಕ್ಟರಿಗೂ ನಾನು ಹೇಳಿಲ್ಲ. ನಿಮಗೆ ಹೇಳುತ್ತೇನೆ. ಈ ಉರಿಯ ಹೆಸರು ವಾಮನ. ಕುಮಟೆಯಲ್ಲಿ ಬ್ಯಾಂಕಿನ ಕ್ಯಾಶಿಯರ್ ಆಗಿದ್ದವನು. ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ.

ಷಡ್ಡಕ ಅನ್ನುವ ಸಂಬಂಧವನ್ನು ಯಾರು ಕಂಡುಹಿಡಿದರೋ ಆ ಪುಣ್ಯಾತ್ಮ ನನ್ನ ಕೈಗೆ ಸಿಗಬೇಕು. ರಕ್ತಸಂಬಂಧವಲ್ಲ, ಸ್ನೇಹವಲ್ಲ, ನಾವಾಗಿ ಆರಿಸಿಕೊಂಡದ್ದಂತೂ ಅಲ್ಲವೇ ಅಲ್ಲ. ಒಂದೇ ಮನೆಯ ಹೆಣ್ಣುಗಳನ್ನು ತಂದ ತಪ್ಪಿಗೆ ಇಬ್ಬರು ಗಂಡಸರು ಬದುಕಿರುವ ತನಕ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಅತ್ತೆ ಕಾಣೆ ಮೀನಿನ ದೊಡ್ಡ ತುಂಡನ್ನು ಯಾರ ಬಾಳೆಗೆ ಹಾಕುತ್ತಾರೆಂದು ಓರೆಗಣ್ಣಿನಲ್ಲಿ ನೋಡಬೇಕು, ನೋಡಿಯೇ ಇಲ್ಲ ಎಂಬಂತೆ ಸಾರು ಕಲಸಬೇಕು. ನಾನು ಹಿರಿ ಅಳಿಯನಾದ್ದರಿಂದ ದೊಡ್ಡ ತುಂಡು ನನಗೇ ಬೀಳುತ್ತಿತ್ತು. ಆದರೆ ಅದನ್ನು ಬಡಿಸುವಾಗ ಅತ್ತೆ ವಾಮನನ ಮುಖ ನೋಡಿ ನಗುತ್ತಿದ್ದರು. ಮೀನು ನನಗೆ, ನಗೆ ಅವನಿಗೆ. ಅಂಥ ಮೀನು ಗಂಟಲಲ್ಲಿ ಇಳಿಯುವುದಾದರೂ ಹೇಗೆ ಹೇಳಿ?

ಹೊಟ್ಟೆಕಿಚ್ಚು ನನಗೆ ಮದುವೆಯಿಂದ ಬಂದದ್ದಲ್ಲ, ಹುಟ್ಟುವಾಗಲೇ ತಂದದ್ದು ಎಂದು ನನ್ನ ಅವ್ವಿ ಹೇಳುತ್ತಿದ್ದಳು. ನಾನು ಬೆಳೆದದ್ದು ಹೊನ್ನಾವರದಲ್ಲಿ, ಶರಾವತಿಯ ದಡದಲ್ಲಿ. ಆಗಿನ್ನೂ ಸೇತುವೆ ಇರಲಿಲ್ಲ. ತಾರಿಯ ದೋಣಿಯಲ್ಲಿ ಹೊಳೆ ದಾಟುವವರು ನಡುನೀರಿಗೆ ಬಂದಾಗ ಕೈಮುಗಿದು ಒಂದು ಕಾಸನ್ನು ಹೊಳೆಗೆ ಹಾಕುತ್ತಿದ್ದರು. ನೋಡುತ್ತಿದ್ದ ನಮ್ಮ ಎದೆ ಧಸಕ್ಕೆನ್ನುತ್ತಿತ್ತು. ಪುಣ್ಯ ಬೇಕಾದವರು ಪೆಪ್ಪರಮಿಂಟು ಕೊಂಡು ನಮಗೆ ಹಂಚಬಾರದಿತ್ತೇ? ನೀರು ಇಳಿದಾಗ ದಡದ ಕೆಸರಿನಲ್ಲಿ ಕಾಲಾಡಿಸಿ ಹುಡುಕುತ್ತಿದ್ದೆವು. ನನ್ನ ಕಾಲಿಗೆ ತಾಗಿದ್ದೆಲ್ಲ ಚಿಪ್ಪಿ. ಪಕ್ಕದ ಮನೆಯ ಗಣಪುಗೆ ಮಾತ್ರ ಒಂದು ತೂತಿನ ಕಾಸು ಸಿಕ್ಕಿತು. ಅವನು ಅದನ್ನು ಉಡಿದಾರಕ್ಕೆ ಪೋಣಿಸಿಕೊಂಡು, ಅಂಗಿ ಎತ್ತಿ ಹಿಡಿದು ಕೇರಿಯೆಲ್ಲ ತಿರುಗಿದ. ನಾನು ಮನೆಗೆ ಬಂದು ಹೊಟ್ಟೆನೋವು ಅಂದೆ. ಅವ್ವಿ ಓಮಿನ ನೀರು ಕುಡಿಸಿದಳು. ರೋಗ ಯಾವುದೆಂದು ಅವಳಿಗೆ ಗೊತ್ತಾಗಿತ್ತು ಅಂತ ಕಾಣುತ್ತದೆ. "ಅವಂಗೆ ಸಿಕ್ಕಿದ್ದು ತೂತಿಂದು ಮಗಾ, ಅದ್ರಲ್ಲಿ ಎಂತ ಉಂಟು?" ಅಂದಳು. ನನಗೆ ತೂತಿನದೇ ಬೇಕಿತ್ತು.

ದೊಡ್ಡವನಾಗಿ ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆದೆ. ಎಪ್ಪತ್ತರ ದಶಕದಲ್ಲಿ ನನ್ನ ಲೋಕವೆಂದರೆ ಕುಮಟೆ, ಹೊನ್ನಾವರ, ಮುರ್ಡೇಶ್ವರದ ಕ್ರಾಸು, ಭಟ್ಕಳ; ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ನಾಣ್ಯ ಕೂಡಿಡುವ ಹುಚ್ಚು ಹಿಡಿದದ್ದು ಆಗಲೇ. ಚಲಾವಣೆ ನಿಂತು ಎಷ್ಟೋ ಕಾಲವಾಗಿದ್ದರೂ ಮುದುಕಿಯರ ಸೆರಗಿನ ಗಂಟಿನಿಂದ ಆಗೊಮ್ಮೆ ಈಗೊಮ್ಮೆ ಕಿರೀಟದ ರಾಜನೊಬ್ಬ ಹೊರಬೀಳುತ್ತಿದ್ದ. ನಾನು ನನ್ನ ಜೇಬಿನ ಚಾಲ್ತಿ ನಾಣ್ಯವನ್ನು ಚೀಲಕ್ಕೆ ಹಾಕಿ ರಾಜನನ್ನು ಎತ್ತಿಕೊಳ್ಳುತ್ತಿದ್ದೆ. ಮೀನಿನ ಬುಟ್ಟಿಯ ಹೆಂಗಸರು ಕೊಡುವ ಚಿಲ್ಲರೆ ಒದ್ದೆಯಾಗಿರುತ್ತಿತ್ತು, ಬಂಗಡೆಯ ವಾಸನೆ ಹೊಡೆಯುತ್ತಿತ್ತು. ಒಂದು ದಿನ ಹಾಗೆ ಸಿಕ್ಕಿದ ಹಳೇ ನಾಲ್ಕಾಣೆಯ ಪಾವಲಿಯನ್ನು ಕಣ್ಣಿನ ಹತ್ತಿರ ಹಿಡಿದು ಇಸವಿ ಓದುತ್ತಿದ್ದೆ. ಕೊಟ್ಟ ಹೆಂಗಸು ಕೈ ಸೊಂಟಕ್ಕಿಟ್ಟು, "ಎಂತ ಕಂಡಕ್ಟರ್ರೆ, ನನ್ನ ಪಾವಲಿಗೆ ಮುತ್ತು ಕೊಡ್ತಿದ್ರ್ಯಾ?" ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರ್ ಹೊನ್ನಾವರ ಬರುವ ತನಕ ನಗುತ್ತಲೇ ಇದ್ದ.

ನನಗೆ ಇಷ್ಟು ಕಷ್ಟಪಟ್ಟು ಸಿಗುತ್ತಿದ್ದದ್ದು ವಾಮನನಿಗೆ ಕುರ್ಚಿಯ ಮೇಲೆ ಕೂತಲ್ಲಿಗೇ ಬರುತ್ತಿತ್ತು. ಟಂಕಸಾಲೆಯಿಂದ ಹೊರಟ ನಾಣ್ಯದ ಚೀಲ ಮನುಷ್ಯರ ಕೈ ಸೋಕದೆ ಬಂದು ಅವನ ಮೇಜಿನ ಮೇಲೆ ಬಾಯಿ ಬಿಚ್ಚುತ್ತಿತ್ತು. ಅವನು ಕರವಸ್ತ್ರದ ತುದಿಯಲ್ಲಿ ಒಂದನ್ನು ಎತ್ತಿ, ಗೀರು ಕಂಡರೆ ಬಿಟ್ಟು, ಇನ್ನೊಂದನ್ನು ಎತ್ತುತ್ತಿದ್ದ. ತನ್ನ ದುಡ್ಡು ಇಟ್ಟು ಅತ್ಯಂತ ಚಂದದ್ದನ್ನು ಮನೆಗೆ ಒಯ್ಯುತ್ತಿದ್ದ. ಅವನ ನಾಣ್ಯಗಳು ಆಲ್ಬಮ್ಮಿನ ಪಾರದರ್ಶಕ ಜೇಬುಗಳಲ್ಲಿ ಸಾಲಾಗಿ ಮಲಗಿರುತ್ತಿದ್ದವು. ನನ್ನವು ಬಿಸ್ಕೀಟಿನ ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು, ಡಬ್ಬಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತಿದ್ದವು. ಮೊದಲ ಸಲ ಅವನ ಆಲ್ಬಮ್ ನೋಡಿದ ದಿನ "ಚಂದ ಉಂಟು" ಅಂದೆ. ಆ ಎರಡು ಶಬ್ದ ಹೊರಗೆ ಬರಲು ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು.

ನಮ್ಮಿಬ್ಬರ ಯುದ್ಧಭೂಮಿ ಭಟ್ಕಳದ ಬಂದರಿನ ಹತ್ತಿರದ ಮಾವನ ಮನೆ. ಮಾವ ದುರ್ಗಪ್ಪ ತಾಂಡೇಲರು ಹಿಂದೆ ಹಾಯಿಯ ಮಚವೆ ದೋಣಿಗಳಲ್ಲಿ ಹಂಚು, ಕಟ್ಟಿಗೆ ಹೇರಿಕೊಂಡು ಬೊಂಬಾಯಿಯ ತನಕ ಹೋಗಿಬಂದವರು. ಮಚವೆಗಳ ಕಾಲ ಮುಗಿದ ಮೇಲೆ ಜಗಲಿಯ ಮೇಲೆ ಕೂತು ಬಲೆ ಹೆಣೆಯುತ್ತ ಅಳಿಯಂದಿರ ಜಗಳ ಕೇಳುವುದೇ ಅವರ ಸಂತೋಷ. ಗಂಡುಮಕ್ಕಳಿರಲಿಲ್ಲ. ಅವರ ಮರದ ಪೆಟ್ಟಿಗೆಯಲ್ಲಿ ಕೆಲವು ರಾಣಿ ಛಾಪಿನ ಬೆಳ್ಳಿ ರೂಪಾಯಿಗಳಿದ್ದವು. ಮದುವೆಯ ನಂತರದ ಮೊದಲ ದೀಪಾವಳಿಗೆ ನಾನು ಹೋದಾಗ ವೀಳ್ಯದೆಲೆಯ ಮೇಲೆ ಒಂದು ರೂಪಾಯಿ ಇಟ್ಟು ಕೊಟ್ಟರು. ಮುಂದೆ ವಾಮನ ಅಳಿಯನಾಗಿ ಬಂದಾಗ ಅವನಿಗೂ ಕೊಟ್ಟರು. ಅದೇ ಪೆಟ್ಟಿಗೆ, ಅದೇ ರಾಣಿ, ಅದೇ ಇಸವಿ. ಮುಟ್ಟಿ ನೋಡಿದರೆ ಅವಳಿ ಮಕ್ಕಳು. ಆದರೂ ಅವನ ರೂಪಾಯಿಯಲ್ಲಿ ರಾಣಿಯ ಮೂಗು ಸ್ವಲ್ಪ ಚೂಪಾಗಿದೆ ಎಂಬ ಗುಮಾನಿ ನನಗೆ ಆವತ್ತೇ ಬಂತು.

ಪೆಟ್ಟಿಗೆಯ ತಳದಲ್ಲಿ, ಕೆಂಪು ಬಟ್ಟೆಯ ಗಂಟಿನಲ್ಲಿ, ಇನ್ನೊಂದು ಇತ್ತು. ಇಕ್ಕೇರಿಯ ವರಹ. ಹುಣಸೆಬೀಜದಷ್ಟು ದೊಡ್ಡ ಚಿನ್ನದ ನಾಣ್ಯ. ಒಂದು ಬದಿಗೆ ಶಿವಪಾರ್ವತಿ, ಇನ್ನೊಂದು ಬದಿಗೆ ನಾಗರಿ ಅಕ್ಷರ. ಮಾವನ ಅಜ್ಜನ ಕಾಲದಿಂದ ಮನೆಯಲ್ಲಿದ್ದದ್ದು. ಅದನ್ನು ಒಮ್ಮೆ ತಮ್ಮ ಅಂಗೈ ಮೇಲೆ ಇಟ್ಟು ತೋರಿಸಿ ಮಾವ ಹೇಳಿದರು: "ಮಾರುದಲ್ಲ, ಕರಗ್ಸುದಲ್ಲ. ನಿಮ್ಮಿಬ್ರಲ್ಲಿ ಯಾರು ಇದನ್ನ ನಾನು ಇಟ್ಕೊಂಡ ಹಾಗೆ ಇಟ್ಕೊಳ್ತೀರಿ ಅಂತ ನಂಗೆ ಕಾಣ್ತದೋ, ಅವ್ರಿಗೆ ಕೊಡ್ತೆ. ಅವಸರ ಎಂತದೂ ಇಲ್ಲ." ಅವಸರವಿಲ್ಲದ್ದು ಅವರಿಗೆ. ಅಂದಿನಿಂದ ನನಗೆ ಭಟ್ಕಳದ ಊಟದಲ್ಲಿ ಮೀನಿನ ತುಂಡು ಕಾಣಲಿಲ್ಲ, ಬರೀ ವರಹ ಕಾಣುತ್ತಿತ್ತು. ನನಗೆ ವರಹ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ವಾಮನನಿಗೆ ಅದು ಸಿಗಬಾರದಿತ್ತು.

ವಾಮನ ಜಗಳಗಂಟ ಅಲ್ಲ, ಅದೇ ಅವನ ದೊಡ್ಡ ದೋಷ. ದನಿ ಏರಿಸುತ್ತಿರಲಿಲ್ಲ. "ಭಾವ, ನಾಣ್ಯಕ್ಕೂ ದರ್ಜೆ ಅಂತ ಇರ್ತದೆ" ಎಂದು ಆಲ್ಬಮ್ ತೆರೆಯುತ್ತಿದ್ದ. "ಕೈಯಿಂದ ಕೈಗೆ ಹೋದ ಹಾಗೆ ಸವೀತದೆ. ಚಲಾವಣೆಗೆ ಹೋಗದ್ದು ಮೊದಲ ದರ್ಜೆ. ಸ್ವಲ್ಪ ಸವೆದದ್ದು ಎರಡನೇದು. ಮುಖ ಗುರುತು ಸಿಕ್ಕದ್ದು ಕಡೇದು."

"ಮೀನಿಗೂ ಹಾಗೇ" ಅಂದೆ ನಾನು. "ತಾಜಾ, ಬರ್ಫಿನದು, ಒಣಗಿದ್ದು. ಆದ್ರೆ ಮಳೆಗಾಲದಲ್ಲಿ ಒಣಮೀನಿಗೇ ಬೆಲೆ."

ಮಾವ ಬಲೆಯಿಂದ ಕಣ್ಣೆತ್ತಿ ನಕ್ಕರು. ಅವರು ನಕ್ಕದ್ದೇ ನನಗೆ ಹುರುಪು ಬಂತು. "ಅಲ್ಲ ಮಾರಾಯಾ, ಖರ್ಚೇ ಆಗದ್ದು ನಾಣ್ಯ ಹ್ಯಾಂಗಾತು? ಒಂದು ಕಟ್ಟು ಹರಿವೆ ಸೊಪ್ಪು ತಂದಿಲ್ಲ, ಒಬ್ಬರ ಟಿಕೇಟು ಹರ್ಸಿಲ್ಲ. ನೀರಿಗೇ ಇಳಿಯದ ದೋಣಿಗೆ ಒಂದೂ ತೂತಿಲ್ಲ ಅಂತ ಹೊಗಳುದು ಎಂತಕ್ಕೆ?"

ದೋಣಿಯ ಮಾತು ಮಾವನಿಗಾಗಿ ಬೇಕೆಂದೇ ಹಾಕಿದ್ದು. ಅದು ಸರಿಯಾಗಿ ತಾಗಿತು. ಮಾವ ತೊಡೆ ತಟ್ಟಿಕೊಂಡು, "ಅದು ಹೌದು!" ಅಂದರು. ವಾಮನ ಕೂಡ ನಕ್ಕುಬಿಟ್ಟ. ನನ್ನ ಮಾತಿಗೆ ಅವನು ಬೇಸರ ಮಾಡಿಕೊಳ್ಳಲಿ ಎಂದು ಆಡಿದರೆ ಅವನು ಎಲ್ಲರಿಗಿಂತ ಜೋರಾಗಿ ನಗುವುದೇ? ಗೆದ್ದದ್ದು ನಾನು, ಆದರೂ ಭಟ್ಕಳದಿಂದ ಹೊನ್ನಾವರಕ್ಕೆ ಬರುವ ತನಕ ಮುಖ ಊದಿಸಿಕೊಂಡು ಕೂತದ್ದೂ ನಾನೇ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ವಾಮನ ಸರ್ಟಿಫಿಕೇಟೊಂದನ್ನು ತಂದ. ಬೊಂಬಾಯಿಯಲ್ಲಿ ಹಳೆ ನಾಣ್ಯ ಪರೀಕ್ಷೆ ಮಾಡಿ ದರ್ಜೆ ಬರೆದುಕೊಡುವವರು ಒಬ್ಬರಿದ್ದರಂತೆ. ಅತ್ತ ಹೋಗುತ್ತಿದ್ದ ಪರಿಚಯದವರ ಕೈಯಲ್ಲಿ ವಾಮನ ಮಾವನ ಮನೆಯ ತನ್ನ ರೂಪಾಯಿಯನ್ನು ಕಳಿಸಿದ್ದ. ಅದು ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ಪೆಟ್ಟಿಗೆಯೊಳಗೆ ಕೂತು ತಿರುಗಿ ಬಂತು. ಮೂಲೆಗಳಿಗೆ ಅರಗಿನ ಸೀಲು. ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ: ನಾಣ್ಯ ಅಸಲಿ, ಸವೆತ ಇಲ್ಲವೇ ಇಲ್ಲ ಅನ್ನಬಹುದು, ದರ್ಜೆ ಬಹಳ ಮೇಲಿನದು.

ಮಾವ ಹಳೆಯ ಕಾಲದವರು. ಬೆಳ್ಳಿ ನೋಡುವುದು ಎಂದರೆ ಅವರಿಗೆ ಕಲ್ಲಿನ ಮೇಲೆ ಬೀಳಿಸಿ ದನಿ ಕೇಳುವುದು. ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರ ಬಾಗ್ಲು ಎಲ್ಲಿ?" ಅಂದರು.

"ತೆಗೀಬಾರದು ಮಾವ. ಸೀಲು ಒಡೆದ್ರೆ ಸರ್ಟಿಫಿಕೇಟು ನಡೀದಿಲ್ಲ."

"ಮುಟ್ಟೂಕೂ ಇಲ್ಲ?"

"ಇಲ್ಲ."

"ಕೇಳ್ದ್ರ್ಯಾ ಮಾವ?" ಎಂದು ನಾನು ಎದ್ದು ನಿಂತೆ. "ರೂಪಾಯಿಗೆ ಜೈಲು! ತಾಂಡೇಲರ ಪೆಟ್ಟಿಗೆಯಲ್ಲಿ ರಾಣಿ ರಾಣಿಯ ಹಾಗೇ ಇದ್ದಳು, ಈಗ ಅವಳ ಪಾಡು ನೋಡಿ. ಅಷ್ಟಕ್ಕೂ ಆ ಬೊಂಬಾಯಿಯವ ಯಾರು? ಅವನಿಗೆ ಸರ್ಟಿಫಿಕೇಟು ಕೊಟ್ಟವ ಯಾರು?"

ವಾಮನ ಕಾಗದ ಮಡಿಚುತ್ತ ಹೇಳಿದ. "ನಿಮ್ಮ ಕಣ್ಣಿಗೆ ನಿಮ್ಮದೇ ಚಂದ, ನನ್ನ ಕಣ್ಣಿಗೆ ನನ್ನದೇ ಚಂದ ಭಾವ. ಅವರಿಗೆ ಇಬ್ರೂ ಬೇಕಾದವರಲ್ಲ. ಅದಕ್ಕೇ ಅವರನ್ನ ಕೇಳುದು."

ಅಷ್ಟರಲ್ಲಿ ಮಾವ ಕನ್ನಡಕ ಒರೆಸಿಕೊಂಡು ಆ ಅರಗಿನ ಸೀಲನ್ನು ದೇವರ ಪ್ರಸಾದದ ಹಾಗೆ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಪೆಟ್ಟಿಗೆ ಹಿಡಿದು ಅಂಗಳಕ್ಕೆ ಇಳಿದು ನೆರೆಮನೆಯವರನ್ನು ಕರೆದರು. "ನಮ್ಮ ಕಿರಿ ಅಳಿಯನ ರೂಪಾಯಿ ಬೊಂಬಾಯಲ್ಲಿ ಪಾಸಾಯ್ತು!" ಕೇರಿಯವರು ಬಂದು ನೋಡಿದರು. ಒಬ್ಬ ಮುದುಕ ಚಪ್ಪಲಿ ಬಿಟ್ಟು ಕೈಮುಗಿದ. ಮೆಟ್ರಿಕ್ ಪಾಸಾದವರಿಗೂ ಆ ಕೇರಿಯಲ್ಲಿ ಅಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ. ನಾನು ಹಿತ್ತಲಿಗೆ ಹೋಗಿ ಬಾವಿಯ ಹತ್ತಿರ ನಿಂತು ಸುಮ್ಮನೆ ಎರಡು ಕೊಡ ನೀರು ಸೇದಿದೆ. ವರಹ ಕೈತಪ್ಪಿತು ಅಂತ ನನಗೆ ಖಾತ್ರಿಯಾಗಿತ್ತು.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಸುಶೀಲಾ, "ನಿಮ್ಮದೂ ಕಳಿಸಿ, ಯಾರು ಬೇಡ ಅಂದ್ರು?" ಅಂದಳು. ತಂಗಿಯ ಮೇಲೆ ಅವಳಿಗೂ ಒಳಗೊಳಗೇ ಸ್ವಲ್ಪ ಇತ್ತು. "ಅವಳು ಈಗ ಸೀಲು ಸೀಲು ಅಂತ ಮಾತಿಗೊಮ್ಮೆ ಹೇಳ್ತಾಳೆ. ನಮ್ಮದು ಅವರದಕ್ಕಿಂತ ಎಂತ ಕಮ್ಮಿ?" ಇಂಥ ವಿಷಯದಲ್ಲಿ ನಮ್ಮ ದಾಂಪತ್ಯ ಬಹಳ ಅನ್ಯೋನ್ಯವಾಗಿತ್ತು.

ನಮ್ಮ ರೂಪಾಯಿ ಬಿಸ್ಕೀಟು ಡಬ್ಬಿಯಲ್ಲಿರಲಿಲ್ಲ, ದೇವರ ಮಾಡದಲ್ಲಿತ್ತು. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಯ ಮುಂಚೆ ಸುಶೀಲಾ ದೀಪ, ತಟ್ಟೆ, ಗಂಟೆಗಳ ಜೊತೆ ಅದನ್ನೂ ಹುಣಸೆಹಣ್ಣು, ಒಲೆಬೂದಿ ಹಾಕಿ ತಿಕ್ಕಿ ಇಡುತ್ತಿದ್ದಳು. ಈ ಸಲ ಬೊಂಬಾಯಿಗೆ ಹೋಗುವುದು ಅಂದರೆ ಕೇಳಬೇಕೇ? ಹೆಣ್ಣು ತೋರಿಸುವಾಗ ಮುಖ ತೊಳೆಸದೆ ಕೂರಿಸುತ್ತಾರೆಯೇ? ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿದಳು. ನಾನು ಹೊಸ ಹುಣಸೆಹಣ್ಣು ತಂದೆ. ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂತು ಸರದಿಯ ಮೇಲೆ ತಿಕ್ಕಿದೆವು. ಅಂಚಿನಲ್ಲಿ, ಅಕ್ಷರಗಳ ಸಂದಿನಲ್ಲಿ ಕಪ್ಪು ಕೂತಿತ್ತು. ಅದಕ್ಕೆ ತೆಂಗಿನ ನಾರು ಬಳಸಿದೆವು. ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುವ ಹಾಗಾಯಿತು. ರಾಣಿಯ ಕೆನ್ನೆ ಫಳಫಳ. "ಅವರದು ಕಪ್ಪು ಕಪ್ಪಗೆ ಇತ್ತಲ್ದಾ?" ಅಂದಳು ಸುಶೀಲಾ. "ಕಪ್ಪೇ ಕಪ್ಪು" ಅಂದೆ. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಸಂತೋಷವಾಗಿ ಕೂತದ್ದು ಕಡಿಮೆ.

ಬೊಂಬಾಯಿಯ ವಿಳಾಸ ವಾಮನನ ಹತ್ತಿರ ಮಾತ್ರ ಇದ್ದದ್ದರಿಂದ ಅವನ ಕೈಗೇ ಕೊಡಬೇಕಾಯಿತು. ಕುಮಟೆಯಲ್ಲಿ ಬಸ್ಸು ನಿಂತಾಗ ಬ್ಯಾಂಕಿಗೆ ಓಡಿ ಕೊಟ್ಟೆ. ಅವನು ಕಾಗದ ಬಿಚ್ಚಿ ನೋಡಿದ. ಬಾಯಿ ತೆರೆದ, ಮುಚ್ಚಿದ. "ತೊಳೆದ್ರ್ಯಾ ಭಾವ?" ಅಂದ.

"ತೊಳೀದೆ? ಊರ ಕೊಳೆ ಎಲ್ಲ ಬೊಂಬಾಯಿಗೆ ಕಳ್ಸುದಾ?"

ಅವನು ಇನ್ನೇನೋ ಹೇಳಲು ಹೊರಟ. ಡ್ರೈವರ್ ಹಾರ್ನ್ ಹೊಡೆದ. ನಾನು ಓಡಿದೆ. ಅವನ ಮುಖ ಬಾಡಿದ್ದು ನನ್ನ ಕಣ್ಣಲ್ಲಿ ನಿಂತಿತ್ತು. ಹೊಟ್ಟೆಕಿಚ್ಚು! ಕಡೆಗೂ ವಾಮನನಿಗೆ ಹೊಟ್ಟೆಕಿಚ್ಚು! ಆ ದಿನ ನನ್ನ ಬಸ್ಸಿನಲ್ಲಿ ಕೂತವರು ಪುಣ್ಯವಂತರು. ಚಿಲ್ಲರೆ ಇಲ್ಲ ಅಂದವರನ್ನು ಬೈಯಲಿಲ್ಲ, ಕೋಳಿ ತಂದವನನ್ನು ಇಳಿಸಲಿಲ್ಲ, ಮೀನಿನ ಬುಟ್ಟಿಗಳನ್ನು ನಾನೇ ಕೈಕೊಟ್ಟು ಮೇಲೆ ಏರಿಸಿದೆ.

ಮಳೆಗಾಲ ಪೂರ್ತಿ ಕಾದೆ. ಕುಮಟೆ ಬಂದಾಗಲೆಲ್ಲ ಬ್ಯಾಂಕಿನ ಕಡೆ ಕತ್ತು ಚಾಚುತ್ತಿದ್ದೆ. ದೀಪಾವಳಿಗೆ ನಾವೆಲ್ಲ ಭಟ್ಕಳದಲ್ಲಿ ಸೇರಿದ ದಿನ ವಾಮನ ಬಂದ. ಅವನ ಚೀಲದಲ್ಲಿ ಬೊಂಬಾಯಿಯ ಲಕೋಟೆ ಇತ್ತು. ಊಟವಾಗಿ ಎಲ್ಲ ಜಗಲಿಯ ಮೇಲೆ ಕೂತಿದ್ದೆವು. ಅವನು ನನ್ನ ಹತ್ತಿರ ಬಾಗಿ, "ಆಮೇಲೆ ನಾವಿಬ್ರೇ ನೋಡುವ ಭಾವ" ಅಂದ.

ನೋಡಿ, ಮನುಷ್ಯನ ಬುದ್ಧಿ! ನನ್ನ ರೂಪಾಯಿಗೆ ಅವನದಕ್ಕಿಂತ ಮೇಲಿನ ದರ್ಜೆ ಬಂದಿದೆ, ಅದಕ್ಕೇ ಮುಚ್ಚಿಡುತ್ತಿದ್ದಾನೆ ಅಂದುಕೊಂಡೆ. "ಆಮೇಲೆ ಎಂತಕ್ಕೆ? ಇಲ್ಲೇ ಓದು. ಗಟ್ಟಿಯಾಗಿ ಓದು. ಮಾವನೂ ಕೇಳಲಿ" ಅಂದೆ. ಸುಶೀಲಾ ಒಳಗಿನಿಂದ ತಂಗಿಯ ಕೈಹಿಡಿದು ಎಳೆದುಕೊಂಡು ಬಂದು ಬಾಗಿಲಲ್ಲಿ ನಿಂತಳು.

ವಾಮನ ಲಕೋಟೆ ಬಿಚ್ಚಿದ. ರೂಪಾಯಿ ಸಾದಾ ಕಾಗದದ ಮಡಿಕೆಯಲ್ಲಿತ್ತು. ಪ್ಲಾಸ್ಟಿಕ್ಕೂ ಇಲ್ಲ, ಅರಗೂ ಇಲ್ಲ. ಅವನು ಬಹಳ ಮೆತ್ತಗೆ ಓದಿ ಕನ್ನಡದಲ್ಲಿ ಹೇಳಿದ: "ನಾಣ್ಯ ಅಸಲಿ. ಆದ್ರೆ ಬಲವಾಗಿ ಉಜ್ಜಿ ತೊಳೆದಿದ್ದರಿಂದ ಮೇಲ್ಮೈ ಹಾಳಾಗಿದೆ. ದರ್ಜೆ ಕೊಡೂಕೆ ಬರುದಿಲ್ಲ."

ಮೊದಲ ದರ್ಜೆ ಸಿಗದಿದ್ದರೆ ಎರಡನೆಯದು, ಎರಡನೆಯದು ಇಲ್ಲದಿದ್ದರೆ ಕಡೆಯದು ಎಂದು ಲೆಕ್ಕ ಹಾಕಿದ್ದೆ. ದರ್ಜೆಯೇ ಇಲ್ಲ ಅನ್ನುವುದು ಒಂದುಂಟು ಅಂತ ನನಗೆ ಗೊತ್ತಿರಲಿಲ್ಲ. ನಾವು ತಿಕ್ಕಿ ತೆಗೆದ ಆ ಕಪ್ಪೇ ಬೊಂಬಾಯಿಯವರಿಗೆ ಬೇಕಾದದ್ದಂತೆ. ಕಾಲದಿಂದ ತಾನಾಗಿ ಬಂದ ಬಣ್ಣವಂತೆ. ನಮ್ಮಲ್ಲಿ ಯಾವ ಮನೆಯಲ್ಲಿ ಹಬ್ಬಕ್ಕೆ ಕಪ್ಪು ಬೆಳ್ಳಿ ಇಡುತ್ತಾರೆ ಹೇಳಿ? ನಾಚಿಕೆಗೆ ಕಿವಿ ಬಿಸಿಯಾಯಿತು. ವಾಮನ ನಗುತ್ತಾನೆ, ಈಗ ನಗುತ್ತಾನೆ ಎಂದು ಕಾದೆ. ಅವನು ನಗಲಿಲ್ಲ. "ನಂದೂ ಹೀಗೇ ಆಗ್ತಿತ್ತು ಭಾವ. ನಮ್ಮನೇಲಿ ಇವಳು ಪೂಜೆಗೆ ಅದನ್ನ ಇಡೂಕೇ ಮರ್ತುಬಿಡ್ತಿದ್ದಳು. ಸೋಮಾರಿತನದಿಂದ ಬಚಾವಾತು ಅಷ್ಟೇ" ಅಂದ. ಅವನು ಗೇಲಿ ಮಾಡಿದ್ದರೆ ಒಂದು ಕೈ ನೋಡಬಹುದಿತ್ತು. ಸಮಾಧಾನ ಹೇಳುವವನನ್ನು ಏನು ಮಾಡುವುದು?

ಮಾವ ಕೈಚಾಚಿದರು. ನನ್ನ ರೂಪಾಯಿಯನ್ನು ತೆಗೆದುಕೊಂಡು ಮೆಟ್ಟಿಲಿನ ಕಲ್ಲಿನ ಮೇಲೆ ಬೀಳಿಸಿದರು. ಖಣ್ ಅಂತು. ಎದ್ದು ಒಳಗೆ ಹೋದರು. ಪೆಟ್ಟಿಗೆ ತೆಗೆದ ಸದ್ದು ಕೇಳಿತು. ಕೆಂಪು ಬಟ್ಟೆಯ ಗಂಟು ಹಿಡಿದುಕೊಂಡು ಹೊರಗೆ ಬಂದು ವಾಮನನ ಮುಂದೆ ನಿಂತರು. ನಾನು ತಲೆ ತಗ್ಗಿಸಿದೆ.

"ಅಳಿಯರೇ, ಒಂದು ಮಾತು ಕೇಳ್ತೆ" ಅಂದರು ವಾಮನನಿಗೆ. "ಇದನ್ನ ನನ್ನ ಅಜ್ಜ ಪ್ರತಿ ದೀಪಾವಳಿಗೆ ಬೂದಿ ಹಾಕಿ ತಿಕ್ತಿದ್ದ. ಅಪ್ಪ ತಿಕ್ದ. ನಾನೂ ತಿಕ್ದೆ, ಇವತ್ತು ಬೆಳಿಗ್ಗೆ ಕೂಡ. ಬೊಂಬಾಯಿಯವ್ರು ಇದಕ್ಕೆ ದರ್ಜೆ ಕೊಡ್ತ್ರಾ?"

ವಾಮನ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ ಮಾವ. ಕೊಡುದಿಲ್ಲ."

"ನಿಮಗೆ ಕೊಟ್ರೆ ತಿಕ್ತ್ರಾ?"

"ಇಲ್ಲ ಮಾವ" ಅಂದ ವಾಮನ. "ನಂಗೆ ಕೈ ಬರುದಿಲ್ಲ."

"ಆತು" ಅಂದರು ಮಾವ. ತಿರುಗಿ ನನ್ನ ಅಂಗೈ ಎಳೆದು ಅದರ ಮೇಲೆ ಗಂಟು ಇಟ್ಟರು. "ಹಾಗಾದ್ರೆ ತಿಕ್ಕುವವರ ಮನೆಗೇ ಹೋಗ್ಲಿ. ಲಕ್ಷ್ಮಿಗೆ ವರ್ಷಕ್ಕೊಂದು ಸ್ನಾನ ತಪ್ಪಬಾರದು."

ನಿಮಗೆ ಹೇಗೆ ಹೇಳಲಿ! ಬಾಗಿಲಲ್ಲಿ ಸುಶೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವರಹ ನನ್ನದಾಯಿತು. ಆದರೆ ನಾನು ವರಹವನ್ನು ನೋಡಲಿಲ್ಲ ಮಾರಾಯ್ರೆ, ನೇರವಾಗಿ ವಾಮನನ ಮುಖ ನೋಡಿದೆ. ಇಷ್ಟು ವರ್ಷ ಕಾದದ್ದು ಅದಕ್ಕೇ. ಆ ಮುಖ ಕಪ್ಪಿಡಬೇಕು, ತುಟಿ ಕಚ್ಚಬೇಕು, ಎದ್ದು ಹಿತ್ತಲಿಗೆ ಹೋಗಿ ಎರಡು ಕೊಡ ನೀರು ಸೇದಬೇಕು.

ಅವನು ಚೀಲದಿಂದ ಭೂತಗನ್ನಡಿ ತೆಗೆಯುತ್ತಿದ್ದ. "ಭಾವ, ಒಂದ್ಸಲ ನೋಡ್ಲ್ಯಾ?" ಅಂದ. ಜಾತ್ರೆಗೆ ಹೊರಟ ಮಗುವಿನ ಮುಖ. ಇಷ್ಟು ವರ್ಷ ಮಾವ ಅದನ್ನು ದೂರದಿಂದ ತೋರಿಸಿದ್ದರೇ ಹೊರತು ಕೈಗೆ ಕೊಟ್ಟಿರಲಿಲ್ಲ. ಬೇಡ ಅನ್ನಲು ನನಗೆ ಕಾರಣ ಸಿಗಲಿಲ್ಲ, ಕೊಟ್ಟೆ. ಅವನು ಅಂಚಿನಲ್ಲಿ ಹಿಡಿದು, ಜಗಲಿಯ ಕೊನೆಗೆ ಹೋಗಿ, ಬಿಸಿಲಿಗೆ ಓರೆ ಮಾಡಿ, ಭೂತಗನ್ನಡಿಗೆ ಕಣ್ಣಿಟ್ಟ. ಆಮೇಲೆ ಒಮ್ಮೆಲೇ, "ಅಯ್ಯೋ ದೇವರೇ, ಜಿಂಕೆ!" ಎಂದು ಕೂಗಿದ. "ಭಾವ, ಬನ್ನಿ ಇಲ್ಲಿ! ಶಿವನ ಒಂದು ಕೈಲಿ ತ್ರಿಶೂಲ, ಇನ್ನೊಂದು ಕೈಲಿ ಜಿಂಕೆ ಉಂಟು. ಇಷ್ಟೇ ಇಷ್ಟು. ಕುತ್ತಿಗೆ ತಿರುಗಿಸಿ ಪಾರ್ವತಿ ಅಮ್ಮನ್ನ ನೋಡ್ತಾ ಉಂಟು. ಇಷ್ಟು ಸವೆದರೂ ಹ್ಯಾಂಗೆ ಉಳಿದದ್ದು ಭಾವ!" ಅವನ ಕಣ್ಣಲ್ಲಿ ನೀರು ತುಂಬಿತ್ತು. ಹೊಟ್ಟೆಕಿಚ್ಚಿನ ಒಂದು ಹನಿ ಅದರಲ್ಲಿ ಇರಲಿಲ್ಲ. ನಾನು ಹುಡುಕಿದೆ, ನನಗೆ ಆ ಹನಿಯ ಗುರುತು ಚೆನ್ನಾಗಿ ಗೊತ್ತು.

ನನ್ನ ಕಣ್ಣಿಗೆ ಭೂತಗನ್ನಡಿ ಹಿಡಿದ. ನಾನು ನೋಡಿದೆ. ಚಿನ್ನ ಕಂಡಿತು. ಎರಡು ಉಬ್ಬು ಕಂಡವು, ಅವು ಶಿವ ಪಾರ್ವತಿ ಇರಬೇಕು. ಜಿಂಕೆ ಕಾಣಲಿಲ್ಲ.

"ಕಂಡ್ತಾ ಭಾವ?"

"ಕಂಡ್ತು, ಕಂಡ್ತು" ಅಂದೆ.

ವರಹ ಈಗಲೂ ನಮ್ಮ ದೇವರ ಮಾಡದಲ್ಲಿದೆ. ಮಾವ ಹೇಳಿದಂತೆ ಪ್ರತಿ ದೀಪಾವಳಿಗೆ ತಿಕ್ಕುತ್ತೇವೆ. ವಾಮನ ರಿಟೈರ್ ಆಗಿ ಎಷ್ಟೋ ಕಾಲವಾಯಿತು, ಮೊಣಕಾಲು ನೋವು, ಆದರೂ ಹಬ್ಬದ ಮರುದಿನ ಕುಮಟೆಯಿಂದ ಬಸ್ಸು ಹತ್ತಿ ಬರುತ್ತಾನೆ. ಕಾಲು ತೊಳೆದು, ಭೂತಗನ್ನಡಿ ಒರೆಸಿ, ಜಗಲಿಯ ಬಿಸಿಲಿನಲ್ಲಿ ಕೂರುತ್ತಾನೆ. ನಾನು ತಂದು ಕೊಡುತ್ತೇನೆ. ಅವನು ಜಿಂಕೆಯನ್ನು ನೋಡಿ ನಗುತ್ತಾನೆ, ಅದರ ಕ್ಷೇಮ ವಿಚಾರಿಸಿದ ಹಾಗೆ ಎರಡು ಮಾತಾಡುತ್ತಾನೆ, ಚಾ ಕುಡಿದು ಹೋಗುತ್ತಾನೆ. ಅವನು ಹೋದ ಮೇಲೆ ಬಾಗಿಲು ಓರೆ ಮಾಡಿಕೊಂಡು ನಾನೂ ನೋಡುತ್ತೇನೆ. ಕನ್ನಡಕ ಬದಲಿಸಿದ್ದೇನೆ, ಅವನದರಂಥದೇ ಭೂತಗನ್ನಡಿ ತರಿಸಿದ್ದೇನೆ, ಕಣ್ಣಿನ ಪೊರೆಯ ಆಪರೇಶನ್ ಕೂಡ ಆಯಿತು. ಇಷ್ಟು ವರ್ಷವಾಯಿತು, ನನ್ನ ಮನೆಯಲ್ಲೇ ಇರುವ ನನ್ನದೇ ಜಿಂಕೆ ನನಗೆ ಒಂದು ಸಲವೂ ಕಂಡಿಲ್ಲ.